ಸರೋವರದ ಹೂಳೂ ಹಳ್ಳಿಯ ಪಾಲೂ

ವಿಜ್ಞಾನಿಗಳು ಕಂಡುಕೊಂಡ ಸತ್ಯವು ವರದಿಯ ಪುಟಗಳಲ್ಲಿಯೇ ಉಳಿದರೆ ನಾಡಿನ ನೆಲಜಲಗಳಿಗೆ ಅದರಿಂದ ಪ್ರಯೋಜನವೇನು? ಅಡುಗೆ ಎಷ್ಟೇ ಹದವಾಗಿ ಬೆಂದರೂ ಎಲೆಗೆ ಬಡಿಸುವವರೆಗೆ ಹಸಿವು ಹಿಂಗದೆಂಬುದನ್ನು ಹೋಟೆಲಿನಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಬೇರೆ ಹೇಳಬೇಕಾಗಿಲ್ಲ. ಚಂಡೀಗಢದ ನೆರೆಯಲ್ಲಿರುವ ಸುಖೋಮಾಜ್ರಿ ಎಂಬ ಸಣ್ಣ ಹಳ್ಳಿಯ ವೃತ್ತಾಂತವು ಇದಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಚಂಡೀಗಢ ನಗರಕ್ಕೆ ಶೋಭೆಯಾಗಿ 1958ರಲ್ಲಿ ಸುಖನಾ ಸರೋವರವು ನಿರ್ಮಾಣವಾಯಿತು. ಇಪ್ಪತ್ತು ವರ್ಷ ತುಂಬುವ ಮೊದಲೇ ಅದರ ದೊಡ್ಡ ಭಾಗವನ್ನು ಹೂಳು ಆಕ್ರಮಿಸಿತು. ಮಣ್ಣು ಮತ್ತು ಜಲ ಸಂರಕ್ಷಣೆಯ ಕೇಂದ್ರೀಯ ಸಂಶೋಧನಾ ಸಂಸ್ಥೆಯ ಚಂಡೀಗಢ ಕೇಂದ್ರದವರು ಶ್ರೀ ಪಿ. ಆರ್. ಮಿಶ್ರಾ ಅವರ ನೇತೃತ್ವದಲ್ಲಿ ಹೂಳಿನ ಮೂಲವನ್ನು ಅರಸುತ್ತ ಹೊರಟರು. ಶಿವಾಲಿಕ ಶ್ರೇಣಿಯಲ್ಲಿ, ಸುಖೋಮಾಜ್ರಿಯ ಸುತ್ತಣ ಬೋಳುಗುಡ್ಡಗಳ ಮಣ್ಣು ಮಳೆನೀರಿನೊಡನೆ ಕೊಚ್ಚಿಹೋಗುತ್ತಿದ್ದುದು ಕಂಡುಬಂದಿತು. ಕಂದಕ ತೋಡಿ, ಒಡ್ಡು ಕಟ್ಟಿ, ಸಸಿ ನೆಟ್ಟದ್ದೆಲ್ಲವೂ ಶಾಸ್ತ್ರದ ದೃಷ್ಟಿಯಿಂದ ಸರಿಯೇ. ಆದರೆ ಮಳೆಯನ್ನೇ ನೆಚ್ಚಿದ ಬೇಸಾಯದಿಂದ ಹೊಟ್ಟೆ ತುಂಬದ ಜನಕ್ಕೆ ಆಡುಗಳೇ ಆಧಾರ. ಆಡುಗಳಿಗೆ ಆ ಗುಡ್ಡಗಳೇ ಆಧಾರ. ನಗರದ ಸರೋವರ ಉಳಿಯಲೆಂದು ತಮ್ಮ ಆಡುಗಳನ್ನು ಉಪವಾಸ ಕೆಡವಲು ಯಾರು ತಾನೆ ಒಪ್ಪಿಯಾರು?

ಕೊರಕಲು ಬೆಳೆಯದಂತೆ ತಡೆಯಲು 1976ರಲ್ಲಿ ಹಳ್ಳಿಯ ಬಳಿ ಮಣ್ಣಿನ ಕಟ್ಟೆಯೊಂದನ್ನು ಕಟ್ಟಲಾಯಿತು. ಅಲ್ಲಿ ನಿಂತ ನೀರು ಒಣಗುತ್ತಿದ್ದ ಗೋಧಿಯ ಪೈರನ್ನು ಉಳಿಸಿತು. ಜನರ ಕಣ್ಣು ತೆರೆಯಿತು. ಜೊತೆಗೆ ಹೊಸ ತೊಡಕೂ ಹುಟ್ಟಿತು. ನೀರು ಹೊಲವುಳ್ಳವನಿಗೆ ಮಾತ್ರವೆಂದಾದರೆ ಹೊಲವಿಲ್ಲದವನು ಗುಡ್ಡವನ್ನೇಕೆ ಕಾಯಬೇಕು? ಕೊನೆಗೆ ಭೂಮಿ ಇರಲಿ ಬಿಡಲಿ, ಪ್ರತಿ ಮನೆಗೂ ನೀರಿನಲ್ಲಿ ಸಮಪಾಲೆಂದು ನಿರ್ಣಯವಾಯಿತು. ಹೊಲವಿಲ್ಲದವನು ತನ್ನ ಪಾಲನ್ನು ಇನ್ನೊಬ್ಬನಿಗೆ ಮಾರಬಹುದಾಗಿತ್ತು.

ಹಳ್ಳಿಗರು ಸಂಘ ಕಟ್ಟಿಕೊಂಡು, ಬೇಲಿಯಿಲ್ಲದೆಯೇ ಗುಡ್ಡಗಳನ್ನು ಕಾದರು. ಹಲವರು ಆಡುಗಳನ್ನು ಬಿಟ್ಟು, ಮನೆಯಲ್ಲಿಯೇ ಕಟ್ಟಿ ಮೇಯಿಸುವ ಎಮ್ಮೆಗಳನ್ನು ಸಾಕಿದರು, ಹಾಲು ಹೆಚ್ಚಿತು. ಗುಡ್ಡದ ಮೇಲೆ ಮೇವೂ, ಹಗ್ಗಕ್ಕೂ ಕಾಗದಕ್ಕೂ ಒದಗುವ ಭಾಬರ ಹುಲ್ಲೂ ಬೆಳೆದವು. ಅರಣ್ಯ ಇಲಾಖೆಗೆ ಹಣ ತೆತ್ತು ಆ ಹುಲ್ಲಿನ ಗುತ್ತಿಗೆಯನ್ನು ಸಂಘವೇ ಪಡೆಯಿತು. ಈ ಹಳ್ಳಿಯ ಕಡೆಯಿಂದ ಸರೋವರಕ್ಕೆ ಹರಿಯುತ್ತಿದ್ದ ಹೂಳು ಬಹುಮಟ್ಟಿಗೆ ನಿಂತಿತು.

ಮಣ್ಣು ಎಲ್ಲಿಂದ ಬರುತ್ತದೆಂಬುದನ್ನು ವಿಜ್ಞಾನವು ತೋರಿಸಿತು. ಅದನ್ನು ತಡೆಹಿಡಿದುದು ನ್ಯಾಯವಾದ ಹಂಚಿಕೆ. ವಾಚಕರು ರಜೆಯಲ್ಲಿ ಊರಿಗೆ ಹೋದಾಗ ಕೆರೆಯ ಹೂಳಿನ ಮಾತು ಬಂದರೆ, ಕೆರೆಯ ಮೇಲ್ಗಡೆ ಬಾಳುವವರಿಗೆ ಅದರಲ್ಲಿ ಪಾಲೇನೆಂದು ಮೊದಲು ವಿಚಾರಿಸುವುದು ಲೇಸು.