ಗೂಡ್ಸ್ ಡಬ್ಬಿಯನ್ನು ನೆನೆಯುವವರು ಯಾರು?

ಕಾಚಿಗುಡ ರೈಲು ನಿಲ್ದಾಣವನ್ನು ನೋಡದ ಹೈದರಾಬಾದ್ ಕನ್ನಡಿಗರು ಇರಲಿಕ್ಕಿಲ್ಲ. ನಮ್ಮ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆ ಎರಡೂ ಅದೇ ಭಾಗದಲ್ಲಿವೆ. 1916ರಲ್ಲಿ ಕಟ್ಟಿದ ಆ ನಿಲ್ದಾಣದ ಗುಮ್ಮಟಗಳ ಚಿತ್ರ ಎಷ್ಟೋ ಮನೆಗಳಲ್ಲಿದೆ. ಹಳೆಯ ಉಗಿ ಎಂಜಿನ್ ಮುಂದೆ ನಿಂತು ತೆಗೆಸಿಕೊಂಡ ಫೋಟೋಗಳೂ ಇವೆ. ಆದರೆ ಈ ಊರಿಗೆ ಕಲ್ಲು, ಕಾಳು, ಹತ್ತಿ, ಸಿಮೆಂಟು ಹೊತ್ತು ತಂದ ನಾಲ್ಕು ಗಾಲಿಯ ಗೂಡ್ಸ್ ಡಬ್ಬಿಯ ಚಿತ್ರ ಯಾರ ಮನೆಯಲ್ಲಿದೆ?

ಈ ಪ್ರಶ್ನೆಗೆ ಉತ್ತರ ಹುಡುಕುವ ಒಂದು ಹವ್ಯಾಸವಿದೆ. ಹಳೆಯ ವ್ಯಾಗನ್‌ಗಳನ್ನು ಅಳತೆ ತಪ್ಪದಂತೆ ಅಂಗೈ ಮೇಲೆ ಕೂರುವಷ್ಟು ಚಿಕ್ಕದಾಗಿ ಕಟ್ಟುವುದು. ಮಕ್ಕಳಾಟ ಎಂದು ನಗುವವರು ದಯವಿಟ್ಟು ಮುಂದೆ ಓದಬೇಕು.

ವಾಡಿಯಿಂದ ಬಂದ ಹಳಿ

ಹೈದರಾಬಾದಿಗೆ ಮೊದಲು ರೈಲು ಬಂದದ್ದು ಕನ್ನಡ ನಾಡಿನ ಕಡೆಯಿಂದ. 1874ರಲ್ಲಿ ವಾಡಿ–ಸಿಕಂದರಾಬಾದ್ ಮಾರ್ಗ ಶುರುವಾಯಿತು. ವಾಡಿ, ಚಿತ್ತಾಪುರ, ಮಳಖೇಡ ರೋಡ್, ಸೇಡಂ ದಾಟಿ ತಾಂಡೂರಿಗೆ ಬರುವ ಈ ಹಳಿ ನೃಪತುಂಗನ ಮಾನ್ಯಖೇಟವನ್ನು ನಿಜಾಮರ ರಾಜಧಾನಿಗೆ ಜೋಡಿಸಿತು. ಈ ಊರಿನ ಎಷ್ಟೋ ಹಳೆಯ ಮನೆಗಳ ನೆಲಕ್ಕೆ ಹಾಸಿರುವ ಶಹಾಬಾದ್ ಫರಸಿ ಕಲ್ಲು ಸಿಗುವುದೂ ವಾಡಿಯ ಆಸುಪಾಸಿನಲ್ಲೇ.

ಹಿಂದೆ ಒಬ್ಬ ಸಣ್ಣ ವ್ಯಾಪಾರಿಯೂ ಒಂದೇ ಒಂದು ಡಬ್ಬಿ ಬುಕ್ ಮಾಡಬಹುದಿತ್ತು. ಮಾಲು ಡಬ್ಬಿಗೆ ಏರಿದರೆ ರೈಲ್ವೆ ರಸೀತಿ ಬ್ಯಾಂಕಿಗೆ ಬರುತ್ತಿತ್ತು. ಕೊಂಡವನು ಬ್ಯಾಂಕಿನಲ್ಲಿ ಹಣ ಕಟ್ಟಿ, ರಸೀತಿ ಬಿಡಿಸಿಕೊಂಡು, ಗೂಡ್ಸ್ ಶೆಡ್ಡಿಗೆ ಓಡಬೇಕು. ನಮ್ಮ ಬಿಲ್ಸ್ ವಿಭಾಗದ ಹಿರಿಯರು ಆ ಕಾಲದ ಕಥೆಗಳನ್ನು ಹೇಳುತ್ತಿದ್ದರು. ಆಮೇಲೆ ರೈಲ್ವೆಯವರು ಬಿಡಿ ಡಬ್ಬಿಯ ಸಾಗಣೆ ಬಿಟ್ಟು ಇಡೀ ಗಾಡಿಯನ್ನೇ ಒಂದೇ ಮಾಲಿಗೆ ಕೊಡುವ ಪದ್ಧತಿಗೆ ಹೋದರು. 1992ರಲ್ಲಿ ಯೂನಿಗೇಜ್ ಯೋಜನೆ ಬಂದ ಮೇಲೆ ಕಾಚಿಗುಡದ ಮೀಟರ್ ಗೇಜ್ ಹಳಿಯೂ ಬ್ರಾಡ್ ಗೇಜ್ ಆಯಿತು. ನಾಲ್ಕು ಗಾಲಿಯ ಡಬ್ಬಿಗಳು ಗುಜರಿಗೆ ಹೋದವು. ವಸ್ತುಸಂಗ್ರಹಾಲಯಗಳಲ್ಲೂ ಮೊದಲ ಮಣೆ ಎಂಜಿನ್‌ಗೆ, ರಾಜರ ಸಲೂನ್‌ಗೆ. ದುಡಿದ ಡಬ್ಬಿ ಹಿಂದಿನ ಸಾಲಿನಲ್ಲಿ.

ಐರ್ಲೆಂಡಿನವರು ಮಾಡಿದ್ದು

ಈ ವಿಷಯದಲ್ಲಿ ಐರ್ಲೆಂಡ್ ಎಂಬ ಪುಟ್ಟ ದೇಶ ನಮಗೆ ಮೇಲ್ಪಂಕ್ತಿ. ಡಬ್ಲಿನ್ನಿನ ಇಂಚಿಕೋರ್ ರೈಲ್ವೆ ಕಾರ್ಯಾಗಾರದಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದ ಸಿರಿಲ್ ಫ್ರೈ ಎಂಬವರು ಬಿಡುವಿನ ವೇಳೆಯಲ್ಲಿ ತಮ್ಮ ದೇಶದ ರೈಲುಗಳ ಮಾದರಿಗಳನ್ನು ಒಂದೊಂದಾಗಿ ಕಟ್ಟಿದರು. ಅವರು 1972ರಲ್ಲಿ ತೀರಿಕೊಂಡರು. ಅವರ ಸಂಗ್ರಹ ಡಬ್ಲಿನ್ ಬಳಿಯ ಮಾಲಹೈಡ್‌ನಲ್ಲಿ ಜನರಿಗೆ ನೋಡಲು ಸಿಕ್ಕಿತು. ಇಂದಿಗೂ ಅಲ್ಲಿನ ಹವ್ಯಾಸಿಗಳು ದನ ಸಾಗಿಸಿದ ಡಬ್ಬಿ, ಬಿಯರ್ ಪೀಪಾಯಿ ಹೊತ್ತ ಡಬ್ಬಿ, ಗಾರ್ಡ್ ಡಬ್ಬಿ ಎಂದು ಹುಡುಕಿ ಹುಡುಕಿ ಕಟ್ಟುತ್ತಾರೆ.

ನಮಗೂ ಐರ್ಲೆಂಡಿಗೂ ಒಂದು ನಂಟಿದೆ. ಭಾರತದಲ್ಲಿ ಮೀಟರ್ ಗೇಜ್ ತರುವ ತೀರ್ಮಾನವಾದದ್ದು 1870ರಲ್ಲಿ, ಲಾರ್ಡ್ ಮೇಯೊ ವೈಸರಾಯ್ ಆಗಿದ್ದಾಗ. ಆತ ಹುಟ್ಟಿದ್ದು ಡಬ್ಲಿನ್ನಿನಲ್ಲಿ!

ಲೆಕ್ಕ ತಾಳೆಯಾಗಬೇಕು

ಕಷ್ಟವೂ ಇಬ್ಬರದೂ ಒಂದೇ. ಜಗತ್ತಿನ ಬಹುಪಾಲು ರೈಲು ಹಳಿಯ ಅಗಲ 1435 ಮಿ.ಮೀ. ಐರ್ಲೆಂಡಿನದು 1600, ನಮ್ಮ ಬ್ರಾಡ್ ಗೇಜ್ 1676. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ಮಾದರಿ ಹಳಿಯ ಅಗಲ 16.5 ಮಿ.ಮೀ. 87ರಲ್ಲಿ ಒಂದು ಪಾಲಿನ ಅಳತೆಗೆ ನಮ್ಮ ಡಬ್ಬಿ ಕಟ್ಟಿದರೆ ಹಳಿ 19.26 ಮಿ.ಮೀ. ಇರಬೇಕು. ಅಂಗಡಿಯ ಹಳಿ ಹಾಕಿದರೆ ಸ್ಥೂಲಕಾಯದವರಿಗೆ ಸಣ್ಣ ಕಾಲು ಜೋಡಿಸಿದಂತೆ ಕಾಣುತ್ತದೆ.

ಇದಕ್ಕೆ ಎರಡು ದಾರಿ. ಮೊದಲನೆಯದು, ಅಳತೆಯನ್ನೇ ಬದಲಿಸುವುದು. ಒಂದು ಅಡಿಗೆ 3 ಮಿ.ಮೀ. ಎಂದಿಟ್ಟುಕೊಂಡರೆ ನಮ್ಮ ಐದೂವರೆ ಅಡಿ ಹಳಿ ಸರಿಯಾಗಿ 16.5 ಮಿ.ಮೀ. ಆಗುತ್ತದೆ. ಪೈಸೆ ವ್ಯತ್ಯಾಸವಿಲ್ಲ! ಎರಡನೆಯದು, ಮೀಟರ್ ಗೇಜ್ ಡಬ್ಬಿ ಕಟ್ಟುವುದು. 87ರ ಅಳತೆಯಲ್ಲಿ ಅದಕ್ಕೆ 11.5 ಮಿ.ಮೀ. ಬೇಕು. ಸ್ವಿಸ್ ರೈಲುಗಳ ಮಾದರಿಗೆಂದು ತಯಾರಾಗುವ 12 ಮಿ.ಮೀ. ಹಳಿ ಸಾಕಾಗುತ್ತದೆ. ಹಳೆಯ ಬೆಂಗಳೂರು–ಮೈಸೂರು ಮಾರ್ಗದ ಡಬ್ಬಿ ಕಟ್ಟುವವರಿಗೂ ಇದೇ ದಾರಿ.

ಕೆಲಸಕ್ಕೆ ದೊಡ್ಡ ಖರ್ಚಿಲ್ಲ. ಅರ್ಧ ಮಿ.ಮೀ. ದಪ್ಪದ ಪ್ಲಾಸ್ಟಿಕ್ ಹಾಳೆ ಅಥವಾ ಗಟ್ಟಿ ರಟ್ಟು, ಉಕ್ಕಿನ ಸ್ಕೇಲು, ಚೂಪಾದ ಬ್ಲೇಡು, ಅಂಟು ಸಾಕು. ಹಲಗೆಯ ಸಂದುಗಳನ್ನು ಗೀರಿ ತೋರಿಸಬೇಕು. ರಿವೆಟ್‌ಗಳನ್ನು ಹಿಂಬದಿಯಿಂದ ಮೊಂಡು ಸೂಜಿಯಲ್ಲಿ ಒತ್ತಿ ಎಬ್ಬಿಸಬೇಕು. ಗಾಲಿ ಮಾತ್ರ ಸಿದ್ಧ ತಂದರೆ ಒಳ್ಳೆಯದು. ಡಬ್ಬಿ ಹಗುರವಾದರೆ ಹಳಿ ತಪ್ಪುವುದರಿಂದ ಒಳಗೆ ಒಂದಿಷ್ಟು ಸೀಸದ ಚೂರು ಅಂಟಿಸಬೇಕು. ತಾಳ್ಮೆಗೆ ಮಾತ್ರ ರಿಯಾಯಿತಿಯಿಲ್ಲ. ಒಂದು ಇಂಚು ಇಲ್ಲಿ 0.3 ಮಿ.ಮೀ.ಗಿಂತ ಕಡಿಮೆ.

ಯಾವ ವರ್ಷದ ಡಬ್ಬಿ?

ಅಳತೆಗಿಂತ ಕಷ್ಟದ್ದು ಬರಹ. ಅದೇ ಡಬ್ಬಿ ಮೊದಲು ನಿಜಾಮ್ ರೈಲ್ವೆಯದು, 1951ರ ನಂತರ ಮಧ್ಯ ರೈಲ್ವೆಯದು, 1966ರ ಅಕ್ಟೋಬರ್ 2ರಿಂದ ದಕ್ಷಿಣ ಮಧ್ಯ ರೈಲ್ವೆಯದು. ಬ್ಯಾಂಕು ವಿಲೀನವಾದಾಗ ಬೋರ್ಡು ಬದಲಾದಂತೆ ಡಬ್ಬಿಯ ಮೈಮೇಲಿನ ಗುರುತೂ ಬದಲಾಯಿತು. ಅಕ್ಷರ ಎಷ್ಟು ದೊಡ್ಡದು, ಖಾಲಿ ತೂಕ ಎಲ್ಲಿ ಬರೆದಿತ್ತು, ಬಣ್ಣ ಎಷ್ಟು ಕೆಂಪು ಎಂಬುದನ್ನು ಒಂದು ವರ್ಷ ನಿಗದಿ ಮಾಡಿಕೊಂಡೇ ತೀರ್ಮಾನಿಸಬೇಕು. ಕಾರ್ಖಾನೆಯ ನಕ್ಷೆ ಸಿಕ್ಕರೂ ಇದನ್ನೆಲ್ಲ ಅದು ಹೇಳುವುದಿಲ್ಲ. ಹೇಳಬಲ್ಲವರು ಆ ಡಬ್ಬಿಗಳ ಜೊತೆ ದುಡಿದವರು ಮಾತ್ರ.

ಅವರು ನಮ್ಮ ನಡುವೆಯೇ ಇದ್ದಾರೆ. 1966ರಿಂದ 2003ರಲ್ಲಿ ನೈರುತ್ಯ ರೈಲ್ವೆ ಶುರುವಾಗುವವರೆಗೂ ಹುಬ್ಬಳ್ಳಿಯೂ ಸಿಕಂದರಾಬಾದೂ ಒಂದೇ ವಲಯದಲ್ಲಿದ್ದವು. ವರ್ಗವಾಗಿ ಬಂದು ಇಲ್ಲೇ ನೆಲೆಸಿದ ಗಾರ್ಡುಗಳು, ಗೂಡ್ಸ್ ಗುಮಾಸ್ತರು, 1893ರಷ್ಟು ಹಳೆಯದಾದ ಲಾಲಾಗುಡ ಕಾರ್ಯಾಗಾರದಲ್ಲಿ ದುಡಿದವರು ನಮ್ಮ ಸಂಘಗಳ ಹಿರಿಯ ಸದಸ್ಯರು. ಅವರಿಗೆ ಈಗ ಎಪ್ಪತ್ತು, ಎಂಬತ್ತು ದಾಟಿದೆ. ಅವರ ಪೆಟ್ಟಿಗೆಯಲ್ಲಿರುವ ಫೋಟೋ, ಹಳೆಯ ನಕ್ಷೆ, ನೋಟ್ ಪುಸ್ತಕ ರದ್ದಿಗೆ ಹೋದರೆ ಮತ್ತೆ ಸಿಗುವುದಿಲ್ಲ.

ಸಂಘಗಳಲ್ಲಿ ಒಂದು ವಿನಂತಿ. ಬರುವ ರಾಜ್ಯೋತ್ಸವಕ್ಕೆ ಹಾಡು, ನೃತ್ಯದ ಜೊತೆ ಒಂದು ಮೇಜು ಈ ಹಿರಿಯರಿಗಾಗಿ ಇರಲಿ. ಅವರು ಹೇಳಿದ್ದನ್ನು ಮಕ್ಕಳು ಬರೆದುಕೊಳ್ಳಲಿ, ಫೋಟೋಗಳ ಪ್ರತಿ ತೆಗೆದುಕೊಳ್ಳಲಿ. ಮಕ್ಕಳನ್ನು ಹಳಿಯ ಹತ್ತಿರ ಬಿಡುವುದು ಬೇಡ. ಊರಿಗೆ ಹೋದಾಗ 1979ರಲ್ಲಿ ಶುರುವಾದ ಮೈಸೂರಿನ ಅಥವಾ 2020ರಲ್ಲಿ ತೆರೆದ ಹುಬ್ಬಳ್ಳಿಯ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಕರೆದೊಯ್ದು, ಅನುಮತಿ ಪಡೆದು ಅಳತೆ ಪಟ್ಟಿ ಕೈಗೆ ಕೊಡಿ. ಪುಣೆಯಲ್ಲಿ ಬಿ.ಎಸ್. ಜೋಶಿಯವರು ಕಟ್ಟಿದ ಪುಟಾಣಿ ರೈಲುಗಳ ಸಂಗ್ರಹಾಲಯ 1998ರಲ್ಲಿ ತೆರೆಯಿತು. ಅದರ ಹಿಂದೆ ಇದ್ದದ್ದೂ ಒಬ್ಬರ ಹವ್ಯಾಸವೇ. ನಮ್ಮಲ್ಲಿ ಒಂದು ಡಬ್ಬಿಯಿಂದ ಶುರುವಾದರೂ ಸಾಕು.