ಸಿ.ಐ.ಡಿ. 999ರ ಹಾಡು: ನಗುವ ಮೊದಲು ಕೇಳಿ

ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ. ಈ ಕಡೆಯ ಎಷ್ಟೋ ಮನೆಗಳಲ್ಲಿ ಮಾತು ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುತ್ತದೆ. ಈ ಊರುಗಳು ಇನ್ನೂ ಕೋಲಾರ ಜಿಲ್ಲೆಯಲ್ಲಿದ್ದ ಕಾಲದಲ್ಲಿ ತೆರೆಯ ಮೇಲಿನ ಗೂಢಚಾರರೂ ಎರಡು ಭಾಷೆಗಳಲ್ಲಿ ಬಂದರು. 1966ರಲ್ಲಿ ತೆಲುಗಿನ ಕೃಷ್ಣ ‘ಗೂಢಚಾರಿ 116’ ಆದರು. 1968ರಲ್ಲಿ ಕನ್ನಡದ ರಾಜ್‌ಕುಮಾರ್ ಸಿ.ಐ.ಡಿ. 999 ಆದರು.

ಇಬ್ಬರಿಗೂ ಹಿರಿಯಣ್ಣ ಇಂಗ್ಲಿಷಿನ ಜೇಮ್ಸ್ ಬಾಂಡ್. 1962ರ ‘ಡಾಕ್ಟರ್ ನೋ’ ಚಿತ್ರದಿಂದಲೂ ಬಾಂಡ್ ಬರುತ್ತಾನೆಂದು ಮೊದಲು ಹೇಳುವುದು ಅವನ ಸಂಗೀತ. ಅದರ ಆರಂಭವನ್ನು ಮನೆಯ ಹಾರ್ಮೋನಿಯಂನಲ್ಲೇ ನುಡಿಸಿ ನೋಡಬಹುದು. ಷಡ್ಜವನ್ನು ಹಿಡಿದು ಪಂಚಮ, ಶುದ್ಧ ಧೈವತ, ಚತುಶ್ರುತಿ ಧೈವತ, ಮತ್ತೆ ಶುದ್ಧ ಧೈವತ ನುಡಿಸಿದರೆ ಸಾಕು. ಅಕ್ಕಪಕ್ಕದ ಸ್ವರಗಳ ಈ ಹತ್ತಿಳಿತದಲ್ಲೇ ಯಾರೋ ಬೆನ್ನ ಹಿಂದೆ ನಡೆದು ಬಂದಂತಾಗುತ್ತದೆ. ನಂತರ ಬರುವ ಗಿಟಾರ್ ಧಾಟಿಗೆ ಭಾರತದ ನಂಟೂ ಇದೆ. ಟ್ರಿನಿಡಾಡಿನ ಭಾರತೀಯ ಮೂಲದ ಕುಟುಂಬವೊಂದರ ಕತೆ ವಿ.ಎಸ್. ನೈಪಾಲರ ‘ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್’. ಅದನ್ನು ಆಧರಿಸಿದ ಸಂಗೀತ ನಾಟಕಕ್ಕೆಂದು ಮಾಂಟಿ ನಾರ್ಮನ್ ಮಾಡಿಟ್ಟಿದ್ದ ರಾಗವೇ ಬಾಂಡ್‌ನ ಪಾಲಾಯಿತು. ಜಾನ್ ಬ್ಯಾರಿ ಅದಕ್ಕೆ ವಾದ್ಯಮೇಳ ಜೋಡಿಸಿದರು.

ನಮ್ಮ 999ನನ್ನು ತೆರೆಗೆ ತಂದವರು ದೊರೆ–ಭಗವಾನ್ ಜೋಡಿ. ‘ಜೇಡರ ಬಲೆ’ ಮತ್ತು ‘ಗೋವಾದಲ್ಲಿ ಸಿ.ಐ.ಡಿ. 999’ ಒಂದೇ ವರ್ಷ, 1968ರಲ್ಲಿ ಬಂದವು. 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ನಾಯಕಿಯರು ಬದಲಾದರು: ಜಯಂತಿ, ಲಕ್ಷ್ಮಿ, ರೇಖಾ, ಪದ್ಮಪ್ರಿಯ. ಸಂಗೀತ ನಿರ್ದೇಶಕರು ಮಾತ್ರ ನಾಲ್ಕಕ್ಕೂ ಒಬ್ಬರೇ, ಜಿ.ಕೆ. ವೆಂಕಟೇಶ್.

ಯಾರು ಈ ವೆಂಕಟೇಶ್? ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ ಚಿತ್ರಗಳಿಗೆ ಸಂಗೀತ ಕೊಟ್ಟವರು. ಇಳಯರಾಜಾ 1976ರಲ್ಲಿ ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮುನ್ನ ಸಹಾಯಕರಾಗಿ ಪಳಗಿದ್ದು ಇವರ ಬಳಿ. 1977ರ ‘ಸನಾದಿ ಅಪ್ಪಣ್ಣ’ದಲ್ಲಿ ಬಿಸ್ಮಿಲ್ಲಾ ಖಾನರ ಶಹನಾಯಿಯನ್ನು ಕನ್ನಡಿಗರಿಗೆ ಕೇಳಿಸಿದವರೂ ಇವರೇ. ಮರುವರ್ಷವೇ ಅದೇ ಕೈ ಡೈಮಂಡ್ ರಾಕೆಟ್‌ಗಾಗಿ ‘ಇಫ್ ಯು ಕಮ್ ಟುಡೇ’ ಎಂಬ ಪೂರಾ ಇಂಗ್ಲಿಷ್ ಹಾಡನ್ನು ಹೊಸೆಯಿತು. ಹಾಡಿದವರು ಸ್ವತಃ ರಾಜ್‌ಕುಮಾರ್.

ಇಂಟರ್ನೆಟ್ ಬಂದ ಮೇಲೆ ಈ ಹಾಡಿಗೆ ಮರುಹುಟ್ಟು ಬಂತು. ಆದರೆ ಬಹಳಷ್ಟು ಮಕ್ಕಳು ಅದನ್ನು ಕೇಳಿದ್ದು ನಗುವುದಕ್ಕಾಗಿ. ಉಚ್ಚಾರಣೆಗೆ ನಕ್ಕರು, ಕುಣಿತಕ್ಕೆ ನಕ್ಕರು. ನಗಲಿ, ತಪ್ಪೇನಿಲ್ಲ. ಆದರೆ ಹಾಡಿದವರು ಬಾಲ್ಯದಲ್ಲೇ ಶಾಲೆ ಬಿಟ್ಟು ನಾಟಕದ ಕಂಪನಿ ಸೇರಿದವರೆಂಬುದು ಆ ಮಕ್ಕಳಿಗೆ ಗೊತ್ತೆ? ಬಹುಕಾಲ ರಾಜ್‌ಗೆ ಹಾಡುವ ದನಿಯಾಗಿದ್ದವರು ಪಿ.ಬಿ. ಶ್ರೀನಿವಾಸ್. 1974ರ ‘ಸಂಪತ್ತಿಗೆ ಸವಾಲ್’ ನಂತರವಷ್ಟೇ ರಾಜ್ ಮೇಲಿಂದ ಮೇಲೆ ಹಾಡತೊಡಗಿದರು. ನಾಲ್ಕೇ ವರ್ಷದಲ್ಲಿ, ಐವತ್ತರ ಹೊಸ್ತಿಲಲ್ಲಿ, ತಾವು ಶಾಲೆಯಲ್ಲಿ ಕಲಿಯದ ಭಾಷೆಯಲ್ಲಿ ಅಳುಕದೆ ಹಾಡಿದರು. ತರಗತಿಯಲ್ಲಿ ಇಂಗ್ಲಿಷ್ ಪಾಠ ಓದಲು ಎದ್ದು ನಿಂತಾಗ ಹಿಂದಿನ ಬೆಂಚಿನ ನಗುವಿಗೆ ಹೆದರಿ ಬಾಯಿ ಕಟ್ಟಿಹೋಗುವ ಹುಡುಗ ಹುಡುಗಿಯರು ಇದನ್ನು ತಿಳಿಯಬೇಕು. ನಗುವವರೂ ತಿಳಿಯಬೇಕು.

ಈ ಭಾನುವಾರ ಅಪ್ಪ, ಅಮ್ಮ, ಮಕ್ಕಳು ಕೂತು ಆ ಹಾಡನ್ನು ಎರಡು ಸಲ ಕೇಳಲಿ. ಮೊದಲ ಸಲ ಬರೀ ವಾದ್ಯಗಳನ್ನು, ಎರಡನೆಯ ಸಲ ಬರೀ ದನಿಯನ್ನು. ಆಮೇಲೆ ‘ಸನಾದಿ ಅಪ್ಪಣ್ಣ’ನ ಶಹನಾಯಿ ಹಾಕಿ, ಎರಡೂ ಒಬ್ಬರದೇ ಕೆಲಸವೆಂದು ಹೇಳಿ. 1993ರಲ್ಲಿ ತೀರಿಕೊಂಡ ಜಿ.ಕೆ. ವೆಂಕಟೇಶರ ಹೆಸರು ಆ ಮನೆಯಲ್ಲಿ ಇನ್ನೊಂದು ತಲೆಮಾರಿಗೆ ಉಳಿದೀತು.