ತಿಪ್ಪೆಯ ಹುಳ, ತೆಂಗಿನ ಶತ್ರು

ಗೆಳೆಯರೇ, ಗಾಡಿಗೆ ತಿಪ್ಪೆ ಗೊಬ್ಬರ ತುಂಬುವಾಗ ಹೆಬ್ಬೆರಳು ಗಾತ್ರದ ಬಿಳಿ ಗೊಣ್ಣೆ ಹುಳ ಸುತ್ತಿಕೊಂಡು ಬಿದ್ದಿರುವುದನ್ನು ನೋಡಿದ್ದೀರಲ್ಲವೇ? ಮಳೆಗಾಲದ ರಾತ್ರಿ ದೀಪದ ಹತ್ತಿರ ಢಬ್ ಅಂತ ಬೀಳುವ ಕೊಂಬಿನ ಕರಿ ದುಂಬಿಯನ್ನೂ ನೋಡಿದ್ದೀರಿ. ಆ ಹುಳವೇ ಬೆಳೆದು ಈ ದುಂಬಿ ಆಗುತ್ತದೆ ಎಂದರೆ ನಂಬುತ್ತೀರಾ?

ಇದರ ಹೆಸರು ಕುರುವಾಯಿ ಕೀಟ ಅಥವಾ ಘೇಂಡಾಮೃಗ ದುಂಬಿ. ಕೊಳೆತ ಮರದಲ್ಲಿ ಬೆಳೆಯುವ ಸಾರಂಗ ದುಂಬಿಗೆ ಇದು ದೂರದ ನೆಂಟ. ಸಾರಂಗ ದುಂಬಿಯಲ್ಲಿ ಕೊಂಬಿನಂತೆ ಕಾಣುವುದು ದವಡೆ. ಇದಕ್ಕಾದರೋ ತಲೆಯ ಮೇಲೆ ನಿಜವಾಗಿ ಕೊಂಬಿದೆ. ಗಂಡಿನ ಕೊಂಬು ಉದ್ದ, ಹೆಣ್ಣಿನದು ಗಿಡ್ಡ.

ಹೆಣ್ಣು ದುಂಬಿ ಗೊಬ್ಬರದ ಗುಂಡಿಯಲ್ಲಿ, ಕೊಳೆತ ತೆಂಗಿನ ದಿಮ್ಮಿಯಲ್ಲಿ ಮೊಟ್ಟೆ ಇಡುತ್ತದೆ. ಸುಮಾರು 10 ದಿನಕ್ಕೆ ಮರಿ ಬರುತ್ತದೆ. ಮೂರು ನಾಲ್ಕು ತಿಂಗಳು ಅದು ಕೊಳೆತದ್ದನ್ನೇ ತಿನ್ನುತ್ತದೆ, ಹಸಿರು ಮರವನ್ನು ಮುಟ್ಟುವುದಿಲ್ಲ. ರೆಕ್ಕೆ ಬಂದ ಮೇಲೆಯೇ ತೊಂದರೆ ಶುರು. ದುಂಬಿ ತೆಂಗಿನ ಸುಳಿ ಕೊರೆಯುತ್ತದೆ. ಆಮೇಲೆ ಗರಿ ಬಿಚ್ಚಿದಾಗ ಕತ್ತರಿಯಿಂದ ಕತ್ತರಿಸಿದ ಹಾಗೆ ಕಾಣುತ್ತದೆ. ಹೊಂಬಾಳೆ ಕೊರೆದರೆ ಕಾಯಿ ಕಮ್ಮಿ. ಎಳೆ ಸಸಿ ಸತ್ತೇ ಹೋಗಬಹುದು. ಆ ಗಾಯಕ್ಕೆ ಕೆಂಪು ಮೂತಿ ಹುಳವೂ ಬರುತ್ತದೆ. ಗುಬ್ಬಿ, ಕುಣಿಗಲ್, ತುಮಕೂರು ಕಡೆ ಎಷ್ಟೋ ಮನೆ ನಡೆಯುವುದು ತೆಂಗಿನಿಂದಲೇ. ಒಂದು ಮರ ಹೋದರೆ ಇನ್ನೊಂದು ಫಲ ಕೊಡಲು ವರ್ಷಗಟ್ಟಲೆ ಕಾಯಬೇಕು.

ಏನು ಮಾಡಬೇಕು?

1. ಸತ್ತ ತೆಂಗಿನ ದಿಮ್ಮಿಯನ್ನು ತೋಟದಲ್ಲಿ ಕೊಳೆಯಲು ಬಿಡಬಾರದು.
2. ಗೊಬ್ಬರದ ಗುಂಡಿಯನ್ನು ಆಗಾಗ ತಿರುವಿ ಹಾಕಿ ಹುಳ ಆರಿಸಬೇಕು. ಕೋಳಿಗಳಿಗೆ ಹಬ್ಬ!
3. ಸುಳಿಯಲ್ಲಿ ತೂತು ಕಂಡರೆ ಕಬ್ಬಿಣದ ಕೊಕ್ಕೆಯಿಂದ ದುಂಬಿ ಎಳೆಯಬೇಕು.
4. ಬೇವಿನ ಹಿಂಡಿಗೆ ಅಷ್ಟೇ ಮರಳು ಬೆರೆಸಿ ಸುಳಿಯ ಸುತ್ತಲಿನ ಗರಿಗಳ ಸಂದಿಗೆ ತುಂಬಬೇಕು.
5. ಮೆಟರೈಜಿಯಂ ಎಂಬ ಹಸಿರು ಬೂಷ್ಟನ್ನು ಗುಂಡಿಗೆ ಹಾಕಿದರೆ ಮರಿಗಳಿಗೆ ರೋಗ ಬಂದು ಸಾಯುತ್ತವೆ. 1916ರಲ್ಲಿ ಶುರುವಾದ ಕಾಸರಗೋಡಿನ ತೆಂಗು ಸಂಶೋಧನಾ ಕೇಂದ್ರದವರೂ ಇದನ್ನು ಹೇಳುತ್ತಾರೆ.

ಹಾಗಂತ ತಿಪ್ಪೆಯ ಹುಳ ಎಲ್ಲಾ ಕೆಟ್ಟವಲ್ಲ. ಹುಳವನ್ನು ಚಪ್ಪಡಿ ಕಲ್ಲಿನ ಮೇಲೆ ಬಿಟ್ಟು ನೋಡಿ. ಕಾಲು ಮೇಲೆ ಮಾಡಿ ಬೆನ್ನಿನ ಮೇಲೇ ತೆವಳಿಕೊಂಡು ಹೋದರೆ ಅದು ಹೂ ದುಂಬಿಯ ಮರಿ. ಕಸವನ್ನು ಗೊಬ್ಬರ ಮಾಡುವ ಬಡಪಾಯಿ. ಅದನ್ನು ಕೊಲ್ಲಬೇಡಿ, ಮತ್ತೆ ಗುಂಡಿಗೇ ಬಿಡಿ.

ದುಂಬಿ ಮರದ ತುದಿ ಸೇರಿದ ಮೇಲೆ ಹಿಡಿಯುವುದು ದೊಡ್ಡವರಿಗೂ ಕಷ್ಟ. ಗುಂಡಿಯಲ್ಲಿರುವಾಗ ಹಿಡಿಯುವುದು ನಮ್ಮಿಂದಲೂ ಆಗುತ್ತದೆ. ಈ ಭಾನುವಾರ ನಿಮ್ಮ ಮನೆ ತಿಪ್ಪೆ ನೋಡುತ್ತೀರಲ್ಲವೇ?